ಖಾತೆ ನಮ್ಮದು, ಕೀಲಿಕೈ ಯಾರದು?



ವರದಕ್ಷಿಣೆ ಎಂದರೆ ಮದುವೆಯ ಹಂದರದಲ್ಲಿ ಎಣಿಸಿಕೊಡುವ ಹಣ ಮಾತ್ರವೇ? ಮದುವೆಯಾಗಿ ಹತ್ತು ವರ್ಷವಾದ ಮೇಲೂ ಹೆಂಡತಿಯ ಖಾತೆಯ ಹಣವನ್ನು ಅವಳನ್ನು ಕೇಳದೆ ತೆಗೆಯುವುದಕ್ಕೆ ಏನೆನ್ನಬೇಕು? ನಾನು ಅದನ್ನು ಕಂತಿನ ವರದಕ್ಷಿಣೆ ಎನ್ನುತ್ತೇನೆ.

2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಆರಂಭವಾಯಿತು. ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಎಂದಿತು ಸರಕಾರ. ಖಾತೆ ಅವಳದು, ಸರಿ. ಆದರೆ ನಮ್ಮ ಹುಲಗೂರಿನಲ್ಲಿ ನಾನು ಕಂಡ ಎಷ್ಟೋ ಮನೆಗಳಲ್ಲಿ ಎ.ಟಿ.ಎಂ. ಕಾರ್ಡು ಗಂಡನ ಕಿಸೆಯಲ್ಲಿ, ಪಿನ್ ನಂಬರು ಮಗನ ಬಾಯಲ್ಲಿ!

"ಗಂಡ-ಹೆಂಡತಿ ನಡುವೆ ಎಂಥ ಗುಟ್ಟು?" ಎನ್ನುತ್ತಾರೆ ಹಿರಿಯರು. ಗುಟ್ಟಿಲ್ಲ ಎಂದರೆ ಅವನ ಪಿನ್ ಅವಳಿಗೂ ಗೊತ್ತಿರಬೇಕಲ್ಲ? ಇದಕ್ಕೆ ವಿಶ್ವಾಸ ಎಂದು ಹೆಸರಿಡಬೇಡಿ, ಇದು ಯಜಮಾನಿಕೆ. ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ ಹಣ ಬಚ್ಚಿಟ್ಟಿದ್ದು ಕಳ್ಳತನವೇ?

ಒ.ಟಿ.ಪಿ. ಯಾರಿಗೂ ಹೇಳಬೇಡಿ, ಹಣ ಪಡೆಯಲು ಪಿನ್ ಒತ್ತಬೇಕಿಲ್ಲ ಎಂದು ಬ್ಯಾಂಕಿನವರು ಹೊರಗಿನ ಕಳ್ಳರ ಬಗ್ಗೆ ಎಚ್ಚರಿಸುತ್ತಾರೆ. ಅದು ನಿಜವೇ. ಆದರೆ ಮನೆಯೊಳಗೇ ಕೈ ಹಾಕುವವನಿಗೆ ನೀವು ಹುಟ್ಟಿದ ವರ್ಷ, ಮದುವೆಯ ತಾರೀಖು, ಮಗುವಿನ ಹೆಸರು ಎಲ್ಲ ಗೊತ್ತು. ಆದ್ದರಿಂದ ಅವು ಪಿನ್ ಆಗಬಾರದು. 1234 ಅಂತೂ ಬೇಡವೇ ಬೇಡ. ಕಾರ್ಡಿನ ಮೇಲೆ ಬರೆದಿಡಬೇಡಿ. ಫೋನು ತೆರೆಯಲು ಒಂದು ಅಂಕಿ, ಹಣಕ್ಕೆ ಬೇರೆಯೇ ಅಂಕಿ ಇರಲಿ. ಅಕ್ಷರದ ಪಾಸ್‌ವರ್ಡ್ ಆದರೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೂಡಿಸಿರಿ, ಉದ್ದವಾದಷ್ಟೂ ಗಟ್ಟಿ. ಎಲ್ಲಕ್ಕಿಂತ ಮುಖ್ಯ, ಖಾತೆಗೆ ಜೋಡಿಸಿದ ಮೊಬೈಲ್ ನಂಬರು ನಿಮ್ಮದೇ ಇರಬೇಕು. ಒ.ಟಿ.ಪಿ. ಗಂಡನ ಫೋನಿಗೆ ಹೋದರೆ ಎಂಥ ಪಾಸ್‌ವರ್ಡನ್ನೂ ಅವನು ಬದಲಿಸಬಲ್ಲ. ಬ್ಯಾಂಕಿಗೆ ಅರ್ಜಿ ಕೊಟ್ಟು ನಂಬರು ಬದಲಿಸಿರಿ.

"ಪಿನ್ ಬದಲಿಸಿದರೆ ಹೊಡೆತ ಬೀಳುತ್ತದೆ" ಎನ್ನುವ ತಂಗಿಯರಿದ್ದಾರೆ. ಅವರಿಗೆ ಧೈರ್ಯದ ಉಪದೇಶ ಸಾಲದು. ಮೊದಲು ಸಂಘಕ್ಕೆ ತಿಳಿಸಲಿ, ಬ್ಯಾಂಕಿಗೆ ನಾಲ್ಕು ಜನ ಕೂಡಿ ಹೋಗೋಣ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯು ಆರ್ಥಿಕ ದೌರ್ಜನ್ಯವನ್ನೂ ಹಿಂಸೆ ಎಂದೇ ಎಣಿಸುತ್ತದೆ. ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು, 181ಕ್ಕೆ ಫೋನು ಮಾಡಬಹುದು. ಶಿಗ್ಗಾಂವಿಗೆ ಹೋಗಬೇಕಾದರೂ ಒಬ್ಬಳನ್ನೇ ಕಳಿಸುವುದು ಬೇಡ. ಹೊರಗಿನವರು ಫೋನಿನಲ್ಲಿ ಮೋಸ ಮಾಡಿ ಹಣ ಹೊಡೆದರೆ ತಡಮಾಡದೆ 1930ಕ್ಕೆ ತಿಳಿಸಿರಿ.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕಕ್ಕಿಂತ ಮೊದಲು ಒಬ್ಬೊಬ್ಬರನ್ನೂ ಕೇಳೋಣ: ಖಾತೆಯ ಕೀಲಿಕೈ ಯಾರ ಕೈಯಲ್ಲಿದೆ? "ನನ್ನ ಕೈಯಲ್ಲಿ" ಎಂದು ಪ್ರತಿಯೊಬ್ಬಳೂ ಹೇಳುವ ತನಕ ಆ ಖಾತೆ ಹೆಸರಿಗೆ ಮಾತ್ರ ನಮ್ಮದು.