ಇಳಕಲ್ ಸೀರಿಗೂ ನ್ಯಾಯದ ಬೆಲೆ ಬೇಕು

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ನಮ್ಮ ಹೆಣ್ಮಕ್ಕಳಿಗೆ ಇಳಕಲ್ ಸೀರಿ ಅಂದರೆ ಪ್ರಾಣ. ಹತ್ತಿಯ ಒಡಲು, ರೇಷ್ಮೆಯ ಸೆರಗು. ಎರಡರ ಹಾಸುನೂಲನ್ನೂ ಕೊಂಡಿ ಹಾಕಿ ಕೂಡಿಸಿ ಕೈಮಗ್ಗದ ಮೇಲೆ ನೇಯಬೇಕು. ಈಗ ಅದೇ ಹೆಸರಿನಲ್ಲಿ ವಿದ್ಯುತ್ ಮಗ್ಗದ ನಕಲು ಬರುತ್ತಿದೆ. "ಅಗ್ಗ ಅದ, ತಗೋರಿ" ಅನ್ನುತ್ತಾನೆ ವ್ಯಾಪಾರಿ. 2021ರಲ್ಲಿ ತೊಗರಿ ಆಮದಿಗೆ ಬಾಗಿಲು ತೆರೆದವರ ನೆಪವೂ ಅಗ್ಗದ ಬೆಲೆಯೇ ಅಲ್ಲವೇ?

1985ರ ಕಾಯ್ದೆ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿತು. 1996ರಲ್ಲಿ ಅವು 11ಕ್ಕೆ ಇಳಿದವು. ಪಟ್ಟಿಯಲ್ಲಿ ಸೀರೆ ಉಳಿಯಿತು, ಕಾವಲು ಉಳಿಯಲಿಲ್ಲ. ನೂಲು ಸಾವುಕಾರನದು, ಕೂಲಿ ಕಟ್ಟುವವನೂ ಅವನೇ. ನೇಕಾರನಿಗೆ ಉಳಿದದ್ದು ಸಾಲ. ಬೆಳೆದವನಿಗೆ ಬೆಲೆ ಕೇಳುವ ನಾವು, ನೇಯ್ದವನ ಬೆಲೆ ಕೇಳದೆ ಸುಮ್ಮನಿದ್ದರೆ ಹೆಂಗ?