ವನವಾಸ ಮುಗಿಸಿ ಬಂದವರು

“ಯಾರು ಮರಳಿದರೆ ನಮಗೇನು?” ಎಂದು ಜನರು ನಗುವುದನ್ನು ಉದಾಸೀನವೆಂದು ಹಳಿಯಲು ನಾವು ಸಿದ್ಧರಿಲ್ಲ.

ಶ್ರೀ ಯಡಿಯೂರಪ್ಪನವರು 2012ರಲ್ಲಿ ಭಾರತೀಯ ಜನತಾ ಪಕ್ಷವನ್ನು ತ್ಯಜಿಸಿ ಕರ್ನಾಟಕ ಜನತಾ ಪಕ್ಷದ ಮುಂದಾಳಾದರು; 2013ರ ಚುನಾವಣೆಯಲ್ಲಿ 6 ಸ್ಥಾನಗಳನ್ನಷ್ಟೇ ಗಳಿಸಿ, 2014ರ ಜನವರಿಯಲ್ಲಿ ಮಾತೃಪಕ್ಷಕ್ಕೆ ಮರಳಿದರು. ಸಾಗರ, ತೀರ್ಥಹಳ್ಳಿಗಳಲ್ಲಿ ಅವರನ್ನು ನಂಬಿ ಹಳೆಯ ಸಂಗಡಿಗರನ್ನು ಎದುರು ಹಾಕಿಕೊಂಡವರನ್ನು ಆಗ ಕೇಳಿದವರಾರು? 2008ರ ಪುನರ್ವಿಂಗಡಣೆಯಲ್ಲಿ ತನ್ನ ಕ್ಷೇತ್ರವನ್ನೇ ಕಳೆದುಕೊಂಡ ಹೊಸನಗರದ ಮಾತಂತೂ ಬೇಡ.

ನಾಯಕರ ವನವಾಸವು ವರ್ಷವೊಂದರಲ್ಲಿ ಮುಗಿಯಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಮನೆಮಠಗಳನ್ನು ಬಿಟ್ಟ ಸಾಗರ, ಹೊಸನಗರಗಳ ಅನೇಕ ಕುಟುಂಬಗಳಿಗೆ ಉಳುವ ನೆಲದ ಹಕ್ಕುಪತ್ರ ಇಂದಿಗೂ ದೊರೆತಿಲ್ಲ. ಅವರಿಗಾಗಿ ಯಾವ ಪಕ್ಷದ ಹಿರಿಯರೂ ಇಷ್ಟು ತ್ವರೆಯಿಂದ ಸಂಧಾನಕ್ಕೆ ಕುಳಿತುದನ್ನು ನಾವು ಕಾಣೆವು. ಇನ್ನು ಮರಳುವವರು ಮೊದಲು ಆ ಕಡತಗಳನ್ನು ತೆರೆಯಿಸಲಿ. ಹಾರತುರಾಯಿಗಳು ಆಮೇಲೆ ಬರಲಿ.