ಅಪೀಲಿನ ಅರವತ್ತು ದಿನ

ಮಾದಕ ವಸ್ತುಗಳ ವ್ಯಾಪಾರ ಮಾಡುವವರ ಮೇಲೆ ನಮಗೆ ಎಳ್ಳಷ್ಟೂ ಕನಿಕರವಿಲ್ಲ. ನಮ್ಮ ಹುಡುಗರ ಮೈಯನ್ನೂ ಮನೆಯನ್ನೂ ಹಾಳುಮಾಡುವ ಆ ಧಂದೆ ನಿಲ್ಲಲೇಬೇಕು. ಆದರೆ ಧಂದೆ ನಡೆಸುವ ಧಣಿ ದೂರ ಉಳಿದು, ಯಾರದೋ ಗಂಟು ತಲುಪಿಸಿದ ಮಾಣಿ, ಊರಿನವನೆಂದು ಖೋಲಿಯಲ್ಲಿ ಜಾಗ ಕೊಟ್ಟ ಕಾರ್ಮಿಕ ಸಿಕ್ಕಿಬೀಳುವುದೂ ಉಂಟು. ಅಂಥವನಿಗೆ ಸಜೆಯಾದೊಡನೆ ನಾವು ಮುಖ ತಿರುಗಿಸಬೇಕೆ?

1985ರ ಮಾದಕ ವಸ್ತುಗಳ ಕಾಯಿದೆ ಬಹು ಕಠಿಣವಾದುದು. ಅದರ 29ನೆಯ ಕಲಮಿನಂತೆ ಒಳಸಂಚಿನಲ್ಲಿ ಸೇರಿದವನಿಗೆ, ಮಾಲು ಅವನ ಕೈಯಲ್ಲಿ ಸಿಗದಿದ್ದರೂ, ಮೂಲ ಅಪರಾಧಕ್ಕಿರುವ ಶಿಕ್ಷೆಯೇ ಆಗುತ್ತದೆ. ಹೆರಾಯಿನ್ 250 ಗ್ರಾಂ ಅಥವಾ ಗಾಂಜಾ 20 ಕಿಲೋ ಮೀರಿದರೆ ಕನಿಷ್ಠ 10 ವರ್ಷ ಸಜೆ, ಒಂದು ಲಕ್ಷ ರೂಪಾಯಿ ದಂಡ. ಅಪರಾಧ ರುಜುವಾತಾಗಿದೆ ಎಂದಾದರೆ ಇದಕ್ಕಿಂತ ಇಳಿಸುವ ಅಧಿಕಾರ ಹೈಕೋರ್ಟಿಗೂ ಇಲ್ಲ. ಆದ್ದರಿಂದ ಮನೆಯಲ್ಲಿ ಮುದಿ ತಾಯಿ ಇದ್ದಾಳೆಂದು ಬೇಡಿಕೊಂಡರೆ ಸಾಲದು. ಅಪೀಲು ನಿಲ್ಲಬೇಕಾದುದು ಸಾಕ್ಷ್ಯದ ಮೇಲೆ.

ಇವರೆಲ್ಲ ಒಪ್ಪಿ ಕೂಡಿ ಸಂಚು ಮಾಡಿದರೆಂಬುದಕ್ಕೆ ಆಧಾರವೇನು? ಒಂದೇ ಖೋಲಿಯಲ್ಲಿದ್ದರು, ಫೋನಿನಲ್ಲಿ ಮಾತಾಡಿದರು ಎಂಬುದಷ್ಟೇ ಆಧಾರವೇ? ತನಿಖೆಯ ಅಧಿಕಾರಿಯ ಮುಂದೆ ಬರೆದುಕೊಟ್ಟ ತಪ್ಪೊಪ್ಪಿಗೆಯಿಂದ ಸಜೆ ಆಗಿದೆಯೇ? ಅಂಥ ತಪ್ಪೊಪ್ಪಿಗೆ ನಡೆಯದೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಆದರೆ ಮಾಲು ವಶದಲ್ಲಿತ್ತೆಂದು ಸರಕಾರ ರುಜುವಾತು ಮಾಡಿದ ಮೇಲೆ, 'ನನಗೆ ಗೊತ್ತಿರಲಿಲ್ಲ' ಎಂಬುದನ್ನು ಆರೋಪಿಯೇ ಸಿದ್ಧಪಡಿಸಬೇಕು. ಬರಿಯ ಬಾಯಿಮಾತು ಸಾಕಾಗದು.

ವಿಶೇಷ ಕೋರ್ಟಿನ ಸಜೆಯ ಮೇಲೆ ಹೈಕೋರ್ಟಿಗೆ ಹೋಗುವುದು ಯಾರ ದಯೆಯೂ ಅಲ್ಲ, ಹಕ್ಕು. ಅವಧಿ 60 ದಿನ. ತೀರ್ಪಿನ ನಕಲು ಸಿಗಲು ಹಿಡಿದ ದಿನಗಳು ಇದರಲ್ಲಿ ಸೇರುವುದಿಲ್ಲ. ತಡವಾದರೂ ತಕ್ಕ ಕಾರಣ ತೋರಿಸಿ ಮನ್ನಿಸಲು ಕೇಳಬಹುದು. ನಕಲು ಕೈದಿಗೆ ಪುಕ್ಕಟೆ. ಅಪೀಲಿನ ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೇ ಕೊಡಬಹುದು. ಬಡ ಕೈದಿಗೆ ತೀರ್ಪಿನ ನಕಲೂ ವಕೀಲನೂ ಸಿಗಲೇಬೇಕೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1978ರಲ್ಲಿ ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿಯೇ ತೀರ್ಪಿತ್ತರು. 1987ರ ಕಾನೂನು ಸೇವೆಗಳ ಕಾಯಿದೆಯೂ ಬಂಧನದಲ್ಲಿರುವವನಿಗೆ ಈ ಹಕ್ಕು ಕೊಟ್ಟಿದೆ. ಅಪೀಲು ಮುಗಿಯುವವರೆಗೆ ಸಜೆ ತಡೆಹಿಡಿಯಲು ಕೇಳುವ ಬಾಗಿಲನ್ನು 2000ದಲ್ಲಿ ಸುಪ್ರೀಂ ಕೋರ್ಟು ತೆರೆಯಿತು. ಆ ಬಾಗಿಲು ಕಿರಿದು, ಆದರೆ ಮುಚ್ಚಿಲ್ಲ.

ಇಷ್ಟಿದ್ದೂ ದಿನಗಳು ಸುಮ್ಮನೆ ಕಳೆದುಹೋಗುವುದೇಕೆ? ಊರಿನಲ್ಲಿ ಮಾನ ಹೋಯಿತೆಂದು ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಜೊತೆಗೆ ದುಡಿದವರು ಹೆಸರೆತ್ತಲು ಅಂಜುತ್ತಾರೆ. ಆ ಸಂದಿನಲ್ಲಿ ದಲಾಲಿ ಬಂದು, ಬಿಡಿಸಿಕೊಡುತ್ತೇನೆಂದು ಹೆಂಡತಿಯ ಕೊರಳಿನ ಕರಿಮಣಿಯನ್ನೂ ಅಡವಿಡಿಸುತ್ತಾನೆ.

ಬಂಧುಗಳೇ, ನಿಮ್ಮ ಹೋಟೆಲಿನ, ನಿಮ್ಮ ಚಾಳಿನ ಯಾರಿಗಾದರೂ ಇಂಥ ಸಜೆಯಾದರೆ ದಲಾಲಿಯ ಬಳಿಗೆ ಹೋಗಬೇಡಿರಿ. ತೀರ್ಪಿನ ತಾರೀಖು ಬರೆದಿಟ್ಟು, ಕೋರ್ಟಿನಲ್ಲಿರುವ ಕಾನೂನು ಸೇವಾ ಕಚೇರಿಗೆ ಆ ವಾರದಲ್ಲೇ ಹೋಗಿರಿ. ತಪ್ಪು ಮಾಡಿದ್ದರೆ ಅವನು ಸಜೆ ಅನುಭವಿಸಲಿ. ಮಾಡದಿದ್ದರೆ, ನಾವು ನಾಚಿ ಸುಮ್ಮನಿದ್ದ ಕಾರಣಕ್ಕೆ ಹತ್ತು ವರ್ಷ ಒಳಗೆ ಕೂರುವುದು ಬೇಡ.